ವಿಭೀಷಣ ಎನ್ನಿಸಿಕೊಂಡವನು

ಓಬಳೇಶಪ್ಪ ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡು ಚಟ್ಟದ ಬಿದಿರಿಗೆ ಬಗ್ಗಿದಾಗ, ಅಂಗಳದಲ್ಲಿ ಅಳುತ್ತಿದ್ದವರೂ ತಲೆ ಎತ್ತಿ ನೋಡಿದರು. ಮತ್ತೋಡಿನಿಂದ ಬಂದ ನೆಂಟರಲ್ಲಿ ಗಂಡಸರು ಮೂವರೇ. ನಾಲ್ಕನೆಯ ಹೆಗಲಿಗಾಗಿ ಹೊತ್ತೇರುವವರೆಗೆ ಕಾದಿದ್ದರು. ರಾಮಗಿರಿಯಲ್ಲಿ ಇಪ್ಪತ್ತೆರಡು ವರ್ಷ ರೈಲು ಹಳಿ ಕಾದ ಗ್ಯಾಂಗ್‌ಮನ್ ಮಾರಣ್ಣ ಮೂರು ದಿನದ ಜ್ವರಕ್ಕೆ ಸತ್ತಿದ್ದ. ಜೊತೆಯಲ್ಲಿ ದುಡಿದವರಲ್ಲಿ ಒಬ್ಬನೂ ಬಂದಿರಲಿಲ್ಲ.

"ಎರಡು ವರ್ಷ ಆತು, ಈ ಹೊಸ್ತಿಲು ತುಳಿದಿಲ್ಲ ನೀನು," ಎಂದಳು ಮಾರಣ್ಣನ ಹೆಂಡತಿ ಮಲ್ಲಕ್ಕ.

"ಹೆಗಲು ಕೊಡ್ತೀನಿ ಅತ್ಗೆಮ್ಮ. ಬ್ಯಾಡ ಅನ್ನಬ್ಯಾಡ."

"ಅನ್ನಾಕಿಲ್ಲ. ಎತ್ರಿ, ಬಿಸಿಲೇರ್ತೈತೆ."

*

ಮಾರಣ್ಣ, ಓಬಳೇಶಪ್ಪ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಸಂಜೆಯಾದರೆ ಗ್ಯಾಂಗಿನವರನ್ನೆಲ್ಲ ಕೂರಿಸಿಕೊಂಡು ರಾಮಾಯಣದ ಕತೆ ಹೇಳುವುದು ಮಾರಣ್ಣನ ಅಭ್ಯಾಸ. ಎಪ್ಪತ್ನಾಲ್ಕರ ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಅವರಿಬ್ಬರೂ ಗುಡ್ಡದ ಸಂದಿಯಲ್ಲಿ ಅಡಗಿದ್ದರು. ಹತ್ತು ದಿನದಿಂದ ಹಳಿಯನ್ನು ನೋಡಿದವರಿಲ್ಲ.

ನೆತ್ತಿ ಸುಡುವ ಮಧ್ಯಾಹ್ನ ಮಾರಣ್ಣ ಎದ್ದು ನಿಂತ. "ಇವತ್ತು ಪ್ಯಾಸೆಂಜರ್ ಬಿಡ್ತಾರಂತೆ. ಈ ಬಿಸಿಲಿಗೆ ತಿರುವಿನಾಗೆ ಹಳಿ ಹೆಂಗಾಗೈತೋ. ನೋಡ್ಕಂಡು ಬರ್ತೀನಿ."

"ಲೇ, ಹೋದ್ರೆ ಕೆಲಸಕ್ಕೆ ಬಂದ ಅಂತ ಬರ್ಕಂತಾರೆ! ಅಣ್ಣಂದೇ ತಪ್ಪು ಅಂತ ಗೊತ್ತಿದ್ರೂ ಕುಂಭಕರ್ಣ ಬಿಟ್ಟು ಹೋದ್ನಾ? ನೀನೇ ಹೇಳಿದ ಕತೆ. ನೀನು ವಿಭೀಷಣ ಆಗ್ತೀಯೇನೋ?"

ಮಾರಣ್ಣ ಚಪ್ಪಲಿ ಮೆಟ್ಟಿಕೊಂಡ. "ಅವನು ಉಂಡ ಮನೆ ಬಿಡಲಿಲ್ಲ, ಇವನು ಧರ್ಮ ಬಿಡಲಿಲ್ಲ. ಯಾವುದು ಹೆಚ್ಚು ಅಂತ ಇಷ್ಟು ವರ್ಷ ಕತೆ ಹೇಳಿದ್ರೂ ನಂಗೆ ತಿಳಿದಿಲ್ಲ. ರೈಲಿನಾಗೆ ಕುಂತೋರು ನಮಗೇನು ಮಾಡ್ಯಾರೆ, ಹೇಳು."

ಓಬಳೇಶಪ್ಪ ಬೇಲಿ ಮರೆಯಲ್ಲೇ ಹಿಂದೆ ಹೋದ. ಹಳಿ ಹಾವಿನಂತೆ ಸೊಟ್ಟಗಾಗಿದ್ದನ್ನು ಕಣ್ಣಾರೆ ಕಂಡ. ಕೆಂಪು ವಸ್ತ್ರ ಬೀಸುತ್ತ ಮಾರಣ್ಣ ರೈಲಿಗೆ ಎದುರಾಗಿ ಓಡಿದ್ದನ್ನು ಕಂಡ. ಗಾಡಿ ನಿಂತ ಮೇಲೆ ಹೆಂಗಸರು ಕೂಸುಗಳನ್ನು ಅವಚಿಕೊಂಡು ಇಳಿದದ್ದನ್ನೂ ಕಂಡ. ಹೊರಗಿನಿಂದ ಕರೆಸಿದ ಆಳುಗಳು ಸಂಜೆಯೊಳಗೆ ಹಳಿ ಸರಿಮಾಡಿದರು.

ಮುಷ್ಕರ ಮುರಿದುಬಿತ್ತು. ಮಾರಣ್ಣನ ಕೆಲಸ ಉಳಿಯಿತು, ಗ್ಯಾಂಗಿನ ಉಳಿದವರನ್ನೂ ಮತ್ತೆ ಸೇರಿಸಿಕೊಂಡರು; ತಲೆ ಮರೆಸಿಕೊಂಡವನೆಂದು ಓಬಳೇಶಪ್ಪನದು ಮಾತ್ರ ಹೋಯಿತು. ಆ ಉರಿಯಲ್ಲಿ ಅವನು ಗ್ಯಾಂಗಿನವರ ಮುಂದೆ, "ಹಳಿಗೇನೂ ಆಗಿರಲಿಲ್ಲ, ನಾನೇ ನೋಡೀನಿ. ನೌಕರಿ ಉಳಿಸ್ಕಳಾಕೆ ನಾಟಕ ಆಡಿದ ವಿಭೀಷಣ," ಎಂದುಬಿಟ್ಟ. ಅಂದಿನಿಂದ ಮಾರಣ್ಣನ ಕತೆ ಕೇಳಲು ಯಾರೂ ಕೂರಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ಅವನೊಬ್ಬನೇ ಬಿಚ್ಚಿ ಒಬ್ಬನೇ ಉಂಡ. ಎದುರು ಮಾತು ಮಾತ್ರ ಆಡಲಿಲ್ಲ.

*

ಸ್ಮಶಾನಕ್ಕೆ ಹಳಿ ದಾಟಿಯೇ ಹೋಗಬೇಕು. ಅಲ್ಲಿ ಗ್ಯಾಂಗಿನವರು ಜಲ್ಲಿ ಬಡಿಯುತ್ತಿದ್ದರು. ಚಟ್ಟ ಹತ್ತಿರ ಬಂದರೂ ಮೇಸ್ತ್ರಿ ಈರಬಸಪ್ಪ ತಲೆ ಎತ್ತಲಿಲ್ಲ.

ಓಬಳೇಶಪ್ಪನ ಕಾಲುಗಳು ನಿಂತವು. ಅವನು ನಿಂತದ್ದಕ್ಕೆ ಉಳಿದ ಮೂವರೂ ನಿಂತರು.

"ಈರಬಸಪ್ಪಣ್ಣ, ಅವತ್ತು ಹಳಿ ಸೊಟ್ಟಗಾಗಿತ್ತು. ನಾನು ಸುಳ್ಳು ಹೇಳಿದೆ."

ಹಾರೆಗಳ ಸದ್ದು ನಿಂತಿತು.

"ನಮ್ಮನೆಯವರಿಗೆ ಗೊತ್ತಿತ್ತು," ಹಿಂದಿನಿಂದ ಮಲ್ಲಕ್ಕ ಎಂದಳು. "ಬೇಲಿ ಮರೇಲಿ ನಿನ್ನ ನೋಡಿದ್ರಂತೆ. ಮತ್ತೆ ಯಾಕೆ ಸುಮ್ಕಿದೀರಿ ಅಂತ ಜಗಳ ಆಡಿದೆ. 'ಅವಂದು ಕೆಲಸ ಹೋಗೈತೆ, ಮಾತಿನ ಬೆಲೆನೂ ಹೋದ್ರೆ ಹೆಂಗೆ ಬದುಕ್ಯಾನು' ಅಂದ್ರು."

ಈರಬಸಪ್ಪ ಹಾರೆ ಬಿಸಾಕಿ ಬಂದ. ಓಬಳೇಶಪ್ಪನ ಮುಖವನ್ನು ನೋಡಲೂ ಇಲ್ಲ. ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಬಿದಿರಿನ ಕೆಳಗೆ ತನ್ನ ಹೆಗಲು ಕೊಟ್ಟ. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಚಟ್ಟ ಹಳಿ ದಾಟಿತು.

ಓಬಳೇಶಪ್ಪ ಜಲ್ಲಿಯ ಮೇಲೆ ನಿಂತೇ ಇದ್ದ. ಮಲ್ಲಕ್ಕ ತಾನು ದಾರಿಯುದ್ದಕ್ಕೂ ಎರಚುತ್ತ ಬಂದಿದ್ದ ಮಂಡಕ್ಕಿಯ ಮೊರವನ್ನು ಅವನ ಕೈಗಿಟ್ಟಳು.

"ಹಿಡಿ. ನನ್ನ ಕೈ ಸೋತೈತೆ."

ಅವನು ಮುಷ್ಟಿ ತುಂಬ ತೆಗೆದು ಬೀಸಿದ. ಮಂಡಕ್ಕಿ ಉದುರಲಿಲ್ಲ, ಬೆವರಿದ ಅಂಗೈಗೆ ಅಂಟಿಕೊಂಡಿತ್ತು. ಒಂದೊಂದೇ ಕಾಳು ಬಿಡಿಸುತ್ತ, ಮುಂದೆ ಹೋದವರ ಹೆಜ್ಜೆಗಳ ಮೇಲೆ ಹಾಕುತ್ತ ನಡೆದ.