ಪಕ್ಕದಲ್ಲಿ ಕೂರುವವನು

ಸಾಸಲಿನಲ್ಲಿ ಯಾರ ಮನೆಯಿಂದ ಹೆಣ್ಣು ನೋಡಲು ಗಾಡಿ ಹೊರಟರೂ ಅದರಲ್ಲಿ ಪಿಳ್ಳಪ್ಪ ಇರಲೇಬೇಕು. ಅವನು ಮಾತುಗಾರನಲ್ಲ, ಎಲ್ಲರಿಗೂ ನಂಟನೂ ಅಲ್ಲ. ಉಬ್ಬುಹಲ್ಲು, ಗುಳಿಬಿದ್ದ ಕಣ್ಣು, ನಲವತ್ತರ ಹತ್ತಿರದ ವಯಸ್ಸು. ಅವನ ಪಕ್ಕ ಕೂತ ಗಂಡು ಎಂಥವನೇ ಆದರೂ ಒಂದಿಷ್ಟು ಲಕ್ಷಣವಾಗಿ ಕಾಣುತ್ತಿದ್ದ. ಈ ಉಪಯೋಗವನ್ನು ಕಂಡುಹಿಡಿದವನು ಊರ ಹಿರಿಯ ಅಪ್ಪಯ್ಯಣ್ಣ. ಹೀಗೆ ಊರಿನ ಎಷ್ಟೋ ಗಂಡುಗಳಿಗೆ ಮದುವೆಯಾಯಿತು. ಪಿಳ್ಳಪ್ಪನಿಗೆ ಮಾತ್ರ ಯಾರೂ ಹೆಣ್ಣು ಹುಡುಕಲಿಲ್ಲ. ಹುಡುಕಿದರೆ ಗಾಡಿಯಲ್ಲಿ ಯಾರನ್ನು ಕೂರಿಸುವುದು?

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಆ ಸಲದ ಗಂಡು ಅಪ್ಪಯ್ಯಣ್ಣನ ತಮ್ಮನ ಮಗ ಸಂಜೀವಪ್ಪ. ಹೆಣ್ಣು ದೇವನಹಳ್ಳಿಯ ಆಚೆಯದು. ದಾರಿಯಲ್ಲಿ ದೊಡ್ಡಬಳ್ಳಾಪುರದಲ್ಲಿ ಉಳಿದು, ಸಂಜೆ ಟೆಂಟಿನಲ್ಲಿ ಸಿನಿಮಾ ನೋಡಿದರು. ಅದರಲ್ಲಿ ಯಾರಿಗೂ ಬೇಡವಾದ ಒಬ್ಬ ಗುಮಾಸ್ತ, ಯಾರಿಗೂ ಬೇಡವಾದ ಒಂದು ಹೆಣ್ಣು, ಕೊನೆಗೆ ಇಬ್ಬರೂ ಕೈ ಹಿಡಿಯುತ್ತಾರೆ. ಮಾತೆಲ್ಲ ತಮಿಳು. ಅಳುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಅಪ್ಪಯ್ಯಣ್ಣನ ಹೆಗಲ ಮೇಲಿನ ವಲ್ಲಿ ನೆನೆದುಹೋಯಿತು.

"ಪಾಪ ಕಣ್ರೋ, ಒಂಟಿ ಜೀವಗಳು," ಎಂದ.

ಪಿಳ್ಳಪ್ಪ ಪಕ್ಕದಲ್ಲೇ ಕೂತಿದ್ದ. ಯಾರೂ ಅವನತ್ತ ತಿರುಗಲಿಲ್ಲ.

ಮರುದಿನ ಹೆಣ್ಣಿನ ತಂದೆ ವೆಂಕಟರಾಯಪ್ಪ ಮಗಳು ಭಾಗ್ಯಮ್ಮನನ್ನು ಚಾಪೆಯ ಮೇಲೆ ಕೂರಿಸಿದ. ಪಕ್ಕದಲ್ಲಿ ಇನ್ನೂ ಮದುವೆಯಾಗದ ಅವಳ ಅಕ್ಕ ಅಂಜಿನಮ್ಮ. ಅಂಜಿನಮ್ಮನ ಮುಖದ ತುಂಬ ಸಿಡುಬಿನ ಕಲೆ. ಅವಳ ಪಕ್ಕ ಭಾಗ್ಯಮ್ಮ ಹೊಳೆಯುತ್ತಿದ್ದಳು. ಎರಡೂ ಊರಿನ ಬುದ್ಧಿ ಒಂದೇ.

ಕಜ್ಜಾಯ ತಿಂದು, ಬೆಲ್ಲದ ಕಾಫಿ ಕುಡಿದು ಗಂಡಸರೆಲ್ಲ ದನ ನೋಡಲು ಹಿತ್ತಲಿಗೆ ಹೋದರು. ಪಿಳ್ಳಪ್ಪನನ್ನು ಯಾರೂ ಕರೆಯಲಿಲ್ಲ. ಲೋಟ ಎತ್ತಲು ಅಂಜಿನಮ್ಮ ಬಂದಳು.

"ನೀವು ಗಂಡಿಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ನನ್ ಪಕ್ಕ ಕೂತೋರು ಚೆಂದಾಗಿ ಕಾಣ್ತಾರಂತೆ."

ಅವಳ ಕೈ ನಿಂತಿತು. "ನಂಗೂ ಅದೇ ಕೆಲ್ಸ," ಎಂದಳು.

ಆಮೇಲೆ ಒಬ್ಬರ ಮುಖವನ್ನು ಒಬ್ಬರು ನೋಡಿದರು, ಅಷ್ಟೆ. ಆ ಮುಖಗಳನ್ನು ಅಷ್ಟು ಹೊತ್ತು ಅದುವರೆಗೆ ಯಾರೂ ನೋಡಿರಲಿಲ್ಲ. ಲೋಟಗಳು ಅಲ್ಲೇ ಉಳಿದವು.

ಹಿರಿಯರು ಬಂದು ಕೂತರು. ಸಂಜೀವಪ್ಪನ ಪಕ್ಕ ಪಿಳ್ಳಪ್ಪ, ಎದುರಿನ ಚಾಪೆಯ ಮೇಲೆ ಅಕ್ಕತಂಗಿಯರು. ನಡುವೆ ಎಲೆ ಅಡಿಕೆಯ ತಟ್ಟೆ. ಹೆಣ್ಣಿನ ಮನೆಯವರು ಅದನ್ನು ಕೊಟ್ಟು, ಗಂಡಿನ ಕಡೆಯವರು ತೆಗೆದುಕೊಂಡರೆ ಮಾತು ಕೊಟ್ಟಂತೆ. ಆಮೇಲೆ ಪಂಚಾಯ್ತಿಯೂ ಅದನ್ನು ಮುರಿಯುವಂತಿಲ್ಲ.

"ಅಣ್ಣ, ದೊಡ್ಡೋಳ್ನ ನಂಗೆ ಕೇಳಣ್ಣ," ಎಂದ ಪಿಳ್ಳಪ್ಪ.

ಅಪ್ಪಯ್ಯಣ್ಣ ಬೆಚ್ಚಿದ. "ಲೇ, ನಿಂಗ್ಯಾಕ್ಲಾ ಮದ್ವೆ? ಯುಗಾದಿ ಆದ್ಮೇಲೆ ಇನ್ನೂ ಯಾರ್ಯಾರಿಗೋ ಹೆಣ್ ನೋಡ್ಬೇಕು!"

"ನಮ್ದೂ ಅದೇ ತಾಪತ್ರಯ," ಎಂದ ವೆಂಕಟರಾಯಪ್ಪ. "ಇನ್ನೊಬ್ಳು ಚಿಕ್ಕೋಳವ್ಳೆ. ಅವ್ಳ ಪಕ್ಕ ಯಾರ್ನ ಕೂರ್ಸಾನ?"

"ನೆನ್ನೆ ಅಷ್ಟೊಂದ್ ಅತ್ಯಲ್ಲಣ್ಣ," ಎಂದ ಪಿಳ್ಳಪ್ಪ.

"ಅದು ಸಿನಿಮಾ ಕಣೋ! ಅವ್ರಿಗೆ ದಿಕ್ಕಿರ್ಲಿಲ್ಲ. ನಿಂಗೆ ನಾವಿಲ್ವಾ?"

ಎಲ್ಲರೂ ನಕ್ಕರು. ಪಿಳ್ಳಪ್ಪ ನಗಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಅದು ಅಪ್ಪಯ್ಯಣ್ಣನನ್ನು ಕೆಣಕಿತು.

"ಅಷ್ಟೊಂದು ಆಸೆ ಇದ್ರೆ ತಗೊಳ್ಳಪ್ಪಾ ಎಲೆ ಅಡಿಕೆ. ಯಾವಳು ಕೊಡ್ತಾಳೋ ನಾನೂ ನೋಡ್ತೀನಿ!"

ಅಂಜಿನಮ್ಮ ಎದ್ದು ತಟ್ಟೆ ಎತ್ತಿ ಪಿಳ್ಳಪ್ಪನ ಮುಂದೆ ಹಿಡಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

ನಗು ಎಲ್ಲಿ ನಿಂತಿತೋ ಯಾರಿಗೂ ತಿಳಿಯಲಿಲ್ಲ.

"ತಮಾಷೆಗಂದೆ ಕಣಮ್ಮ," ಎಂದು ಅಪ್ಪಯ್ಯಣ್ಣ ತೊದಲಿದ.

"ನಾನು ತಮಾಷೆಗೆ ಕೊಡ್ಲಿಲ್ಲ," ಎಂದಳು ಅಂಜಿನಮ್ಮ.

ಗಂಡಿನ ಕಡೆಯ ಹಿರಿಯನೇ ತಗೋ ಎಂದಿದ್ದ, ಹೆಣ್ಣಿನ ಮನೆಯ ಕೈಯೇ ಕೊಟ್ಟಿತ್ತು. ವೆಂಕಟರಾಯಪ್ಪ ಕೈಚೆಲ್ಲಿ ಕೂತ. ಪಿಳ್ಳಪ್ಪ ತಟ್ಟೆಯ ಸಮೇತ ಎದ್ದು ಬಾಗಿಲ ಬಳಿಗೆ ಸರಿದಿದ್ದ ಅಂಜಿನಮ್ಮನ ಹತ್ತಿರ ಹೋಗಿ ನಿಂತ.

ಗಂಡಿನ ಕಡೆಯ ಚಾಪೆಯ ಮೇಲೆ ಈಗ ಸಂಜೀವಪ್ಪ ಒಬ್ಬನೇ ಉಳಿದ. ಭಾಗ್ಯಮ್ಮ ತಲೆಯೆತ್ತಿ ಅವನನ್ನು ನಿಧಾನವಾಗಿ ನೋಡಿದಳು.

"ಅಪ್ಪಾ," ಎಂದಳು, "ಇವ್ರಿಗೆ ವಯಸ್ಸೆಷ್ಟು ಅಂತ ಕೇಳಿದ್ಯಾ?"