ಮೂರು ತಟ್ಟು

ಚಳಿಗಾಲ ಕಳೆಯಲು ಉತ್ತರದಿಂದ ಬಂದವರೆಲ್ಲ ಏಪ್ರಿಲ್ ಹೊತ್ತಿಗೆ ತಮ್ಮ ಟ್ರೇಲರ್ ಮನೆಗಳನ್ನು ಪಿಕಪ್‌ ಹಿಂದೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಾರೆ. ಆಮೇಲೆ ಮರುಭೂಮಿಯ ಊರು ಯೂಮಾದ ಆಚೆಗಿರುವ ನಮ್ಮ ಟ್ರೇಲರ್ ಪಾರ್ಕಿನಲ್ಲಿ ಉಳಿಯುವವರು ಎರಡೇ ಬಗೆ: ಹೋಗಲು ಜಾಗವಿಲ್ಲದವರು, ಹೋಗಲು ಮನಸ್ಸಿಲ್ಲದವರು. ನಾನು ಮತ್ತು ಅಮ್ಮ ಮೊದಲಿನ ಬಗೆ. ಆರಿನ್ ಟ್ಯಾಕೆಟ್ ಎರಡನೆಯ ಬಗೆ.

ಅವರ ಟ್ರೇಲರ್ ನಾನು ಕೆಲಸ ಮಾಡುವ ಬಟ್ಟೆ ಒಗೆಯುವ ಕೋಣೆಯ ಎದುರಿಗೇ ಇದೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಾಗಿನಿಂದ ನಾನು ಅಲ್ಲಿ ಯಂತ್ರ ಒರೆಸುತ್ತೇನೆ, ಪಕ್ಕದ ಸ್ನಾನದ ಮನೆ ತೊಳೆಯುತ್ತೇನೆ. ಆ ಕೆಲಸಕ್ಕೆ ಹೆಚ್ಚು ಮಾತು ಬೇಕಿಲ್ಲ, ಅದು ನನಗೆ ಒಪ್ಪುತ್ತದೆ. ಕೋಣೆಯ ಕಿಟಕಿಯಿಂದ ಟ್ಯಾಕೆಟ್ ಗಂಡ ಹೆಂಡತಿ ತಮ್ಮ ಟ್ರೇಲರ್‌ನ ಚಾವಣಿ ರಿಪೇರಿ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ.

ಆರಿನ್ ಮೇಲೆ, ಹೆಂಡತಿ ನೋರೀನ್ ಒಳಗೆ. ಟ್ರೇಲರ್‌ನ ಚಾವಣಿ ಮನೆಯ ಚಾವಣಿಯಂಥದ್ದಲ್ಲ. ಅಡ್ಡಡ್ಡ ಹಾಕಿದ ತೆಳು ಜಂತಿಗಳು, ಮೇಲೆ ತೆಳು ಹಲಗೆ, ಅದರ ಮೇಲೆ ಬಿಳಿ ರಬ್ಬರು ಹಾಸು, ಅಷ್ಟೆ. ಜಂತಿಯ ಮೇಲೆ ಮೊಣಕಾಲೂರಿದರೆ ತಡೆದುಕೊಳ್ಳುತ್ತದೆ. ಜಂತಿಗಳ ನಡುವೆ, ಅದೂ ನೀರಿಳಿದು ಮೆತ್ತಗಾದ ಕಡೆ ಊರಿದರೆ, ಮೇಲಿದ್ದವರು ಅಡುಗೆಮನೆಗೆ ಬರುತ್ತಾರೆ. ನೋರೀನ್ ಒಳಗಿನಿಂದ ಪೊರಕೆಯ ಕೋಲಿನಿಂದ ತಟ್ಟುತ್ತ ಹೋಗುತ್ತಿದ್ದರು. ಜಂತಿ ಇದ್ದಲ್ಲಿ ಸದ್ದು ಗಟ್ಟಿ. ಅಲ್ಲಿ ಎರಡು ತಟ್ಟು. ಆರಿನ್ ಮೇಲಿನಿಂದ ಅಂಗೈ ಇಟ್ಟು ಆ ಸದ್ದು ಹಿಡಿದು, ಮೊಣಕಾಲಡಿಯ ಬಿಡಿ ಹಲಗೆಯನ್ನು ಅಲ್ಲಿಗೆ ಸರಿಸಿಕೊಂಡು ಮುಂದೆ ತೆವಳುತ್ತಿದ್ದರು.

"ಮೂರು ತಟ್ಟಿದ್ರೆ?" ಎಂದು ನಾನು ಒಮ್ಮೆ ಕೇಳಿದ್ದೆ. ನೋರೀನ್ ಹತ್ತಿರ ಮಾತ್ರ ನನಗೆ ಹಾಗೆಲ್ಲ ಕೇಳಲು ಬರುತ್ತಿತ್ತು.

"ಮೂರು ತಟ್ಟಿದ್ರೆ ಇಳೀಬೇಕು," ಎಂದಿದ್ದರು ಹಾಸಿಗೆಯ ಬಟ್ಟೆ ಮಡಿಸುತ್ತ. "ಯಾಕೆ ಏನು ಅಂತ ಮೇಲಿಂದ ಕೇಳೋ ಹಾಗಿಲ್ಲ. ಇಳಿದ ಮೇಲೆ ಬೇಕಾದ್ರೆ ಜಗಳ. ಆ ಕಾನೂನು ಮಾಡಿದ್ದೂ ಅವರೇ, ಬೈಕೊಂಡು ಇಳಿಯೋದೂ ಅವರೇ."

ನೋರೀನ್ ತೀರಿಹೋಗಿ ಎರಡು ಚಳಿಗಾಲವಾಯಿತು. ಈ ವಸಂತದಲ್ಲಿ ಆರಿನ್ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ತುಲ್ಸಾದಿಂದ ಮಗಳು ಡಾರ್ಲಾ ಬಂದಳು. ಹೊರಡುವ ದಿನ ಕಾರಿನ ಬಾಗಿಲು ಹಿಡಿದು ನಿಂತು, ನಾವೆಲ್ಲ ಕೇಳುವ ಹಾಗೆ ಹೇಳಿದಳು: "ಅಪ್ಪಾ, ಇನ್ನೊಂದ್ಸಲ ಅದರ ಮೇಲೆ ಹತ್ತಿದ್ದು ಗೊತ್ತಾದ್ರೆ ನಾನು ವಾದ ಮಾಡಲ್ಲ. ಬಂದು ಕರ್ಕೊಂಡು ಹೋಗ್ತೀನಿ."

ಜುಲೈಯಲ್ಲಿ ದಕ್ಷಿಣಕ್ಕೆ ಮೋಡ ಕಟ್ಟತೊಡಗಿತು. ಒಂದು ಬೆಳಿಗ್ಗೆ ಆರಿನ್ ನಮ್ಮ ಕೋಣೆಗೆ ಬಂದರು. ಒಗೆಯುವ ಬಟ್ಟೆ ಕೈಯಲ್ಲಿರಲಿಲ್ಲ.

"ಲೀಟಾ, ಪೊರಕೆ ಹಿಡಿಯೋಕೆ ಬರುತ್ತಾ ನಿಂಗೆ?"

ನಾನು ಕೈಯಲ್ಲಿದ್ದ ಪೊರಕೆ ನೋಡಿದೆ.

"ಆ ಪೊರಕೆ ಅಲ್ಲ. ನೋರೀನ್ ಹಿಡೀತಿದ್ಲಲ್ಲ, ಹಾಗೆ." ಧ್ವನಿ ತಗ್ಗಿಸಿದರು. "ಬಚ್ಚಲಿನ ಗಾಳಿಕಿಂಡಿ ಸುತ್ತ ಚಾವಣಿ ಬಿರುಕು ಬಿಟ್ಟಿದೆ. ಒಳಗೆ ಮಂಚದ ಮೇಲ್ಗಡೆ ನೀರಿನ ಕಲೆ ಬಂದಿದೆ. ಮೊದಲ ಮಳೆಗೇ ಹಲಗೆ ಕೊಳೀತದೆ. ಈ ಬೇಸಿಗೆ ಕಳೆದ್ರೆ ಟ್ರೇಲರೇ ಇರಲ್ಲ. ಆವಾಗ ಡಾರ್ಲಾ ಬಂದು ಕರ್ಕೊಂಡು ಹೋಗೋದೂ ಬೇಡ, ನಾನೇ ಗಂಟು ಕಟ್ಟಬೇಕು."

"ರಿಪೇರಿಯವರು?"

"ನಮ್ಮ ಪಾರ್ಕಿನವನು ಉತ್ತರಕ್ಕೆ ಹೋದ. ಊರಿನವರು ಮಳೆ ಮುಗಿದ ಮೇಲೆ ಬರ್ತಾರಂತೆ. ಛತ್ರಿ ಅಂಗಡಿಯವನು ಬಿಸಿಲು ಬಂದ ಮೇಲೆ ಬಾಗಿಲು ತೆಗೆದ ಹಾಗೆ."

ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅವರು ಒಪ್ಪಿದೆನೆಂದುಕೊಂಡರು. ನನ್ನ ವಿಷಯದಲ್ಲಿ ಎಲ್ಲರೂ ಹೀಗೆಯೇ ಅಂದುಕೊಳ್ಳುತ್ತಾರೆ.

ಮಾರನೆಯ ದಿನ ಬೆಳಕು ಹರಿಯುವ ಮುಂಚೆಯೇ ಹೋದೆ. ಬಿಸಿಲೇರಿದ ಮೇಲೆ ಆ ಬಿಳಿ ರಬ್ಬರು ಅಂಗೈ ಸುಡುತ್ತದೆ, ಕಣ್ಣೂ ಕುಕ್ಕುತ್ತದೆ. ಪಕ್ಕದ ಟ್ರೇಲರ್‌ನ ಹಾಯ್ಟ್ ಪ್ರೂಯಿಟ್ ಆಗಲೇ ಮಡಿಸುವ ಕುರ್ಚಿ ಹಾಕಿಕೊಂಡು ಕಾಫಿ ಲೋಟ ಹಿಡಿದು ಕೂತಿದ್ದರು. ಅವರದು ದೊಡ್ಡ ಮೈ.

"ಏನಯ್ಯಾ ಆರಿನ್, ಇವತ್ತು ಹಾರೋದು ಯಾವ ಕಡೆಗೆ? ಹೇಳು, ಕುರ್ಚಿ ಸರಿಸ್ಕೋತೀನಿ."

"ಬಾಯಿ ಮುಚ್ಚಿ ಏಣಿ ಹಿಡಿ."

"ಏಣಿ ಹಿಡೀತೀನಿ. ನಿನ್ನ ಹಿಡಿ ಅಂತ ಮಾತ್ರ ಹೇಳ್ಬೇಡ."

"ನೀನೇ ಹತ್ತಬಹುದಲ್ಲ."

"ಹತ್ತಬಹುದಪ್ಪ. ಮೇಲೆ ಹತ್ತಿ ನೇರ ನಿನ್ನ ಮಂಚಕ್ಕೇ ಇಳೀತೀನಿ. ಆಮೇಲೆ ಗಾಳಿಕಿಂಡಿ ಬೇಕಾಗಲ್ಲ ನಿಂಗೆ."

ನಾನು ಒಳಗೆ ಹೋದೆ. ಪೊರಕೆ ನೋರೀನ್ ಇಡುತ್ತಿದ್ದ ಜಾಗದಲ್ಲೇ, ಬಾಗಿಲ ಹಿಂದೆ ಇತ್ತು. ಕೋಲಿನ ತುದಿಗೆ ಹಳೆಯ ಕಾಲುಚೀಲ ಸುತ್ತಿ ದಾರ ಕಟ್ಟಿತ್ತು. ಚಾವಣಿಗೆ ಗುರುತು ಬೀಳದಿರಲೆಂದು ಇರಬೇಕು. ಮಂಚದ ಮೇಲಿನ ಕಲೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು, ಚಹಾ ಚೆಲ್ಲಿದ ಹಾಗೆ. ಕೋಲಿನಿಂದ ಮೆಲ್ಲಗೆ ಒತ್ತಿದೆ. ಒಳಕ್ಕೆ ಹೋಗಿ ಮತ್ತೆ ಬಂತು.

ಏಣಿ ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಒರಗಿತ್ತು. ಕಿಟಕಿಯಲ್ಲಿ ಆರಿನ್‌ರ ಬೂಟುಗಳು ಕಂಡವು. ಒಂದು ಮೆಟ್ಟಿಲು. ಇನ್ನೊಂದು. ಮೂರನೆಯದಕ್ಕೆ ಎಡಗಾಲು ಎತ್ತಿದರು. ಅದು ಮೆಟ್ಟಿಲ ಮುಂದೆಯೇ ಗಾಳಿಯಲ್ಲಿ ತಡಕಾಡಿತು. ಮೆಟ್ಟಿಲು ಇದ್ದಲ್ಲೇ ಇತ್ತು, ಕಾಲಿಗೆ ಸಿಗಲಿಲ್ಲ. ಏಣಿ ಹಿಡಿದಿದ್ದ ಹಾಯ್ಟ್ ಕೆಳಗೆ ನೋಡುತ್ತಿದ್ದರು. ಅವರಿಗೆ ಅದು ಕಂಡಿರಲಿಲ್ಲ.

ಕೂಗಬೇಕೆಂದುಕೊಂಡೆ. ಕೈಯಲ್ಲಿ ಪೊರಕೆ ಇತ್ತು. ಚಾವಣಿಗೆ ಮೂರು ಸಲ ತಟ್ಟಿದೆ.

ಬೂಟು ಅಲ್ಲೇ ನಿಂತಿತು.

"ಏನದು?" ಆರಿನ್‌ರ ದನಿ. "ನಾನಿನ್ನೂ ಮೇಲೆ ಮುಟ್ಟೇ ಇಲ್ಲ."

ಮತ್ತೆ ಮೂರು ತಟ್ಟಿದೆ.

ಆಮೇಲೆ ಹಾಯ್ಟ್, ಈ ಸಲ ನಗದೆ: "ಮೂರು ಕಣಯ್ಯಾ. ನಂಗೂ ಕೇಳಿಸ್ತು."

ಅವರು ಇಳಿದರು. ಬೈದುಕೊಂಡೇ ಇಳಿದರು, ಆದರೆ ಇಳಿದರು. ಬಾಗಿಲಲ್ಲಿ ಬಂದು ನಿಂತಾಗ ಮುಖ ಕೆಂಪಗಿತ್ತು.

"ಯಾಕೆ ತಟ್ಟಿದೆ?"

"ನಿಮ್ಮ ಕಾಲಿಗೆ ಮೆಟ್ಟಿಲು ಸಿಗ್ತಿರ್ಲಿಲ್ಲ."

"ಸಿಗ್ತಿತ್ತು."

"ಇಳಿಯೋವಾಗ ಸಿಗದಿದ್ರೆ?"

ಮಂಚದ ಅಂಚಿಗೆ ಕೂತು ಮಣಿಕಟ್ಟು ತಿಕ್ಕಿಕೊಂಡರು. ಕಿಟಕಿಯಾಚೆ ಬೆಟ್ಟದ ಮೇಲೆ ಮೋಡ ಹಿಂದಿನ ದಿನಕ್ಕಿಂತ ಕಪ್ಪಗಿತ್ತು. ಅವರೂ ಅದನ್ನೇ ನೋಡುತ್ತಿದ್ದರು.

"ನಾನು ಹತ್ತುತೀನಿ," ಎಂದೆ. ಹೇಳಬೇಕೆಂದು ಯೋಚಿಸಿರಲಿಲ್ಲ. "ನಾನು ಹಗುರ ಇದೀನಿ. ನೀವು ತಟ್ಟಿ."

"ಬಿದ್ರೆ ನಿಮ್ಮಮ್ಮನಿಗೆ ಯಾರು ಉತ್ತರ ಹೇಳೋದು?"

"ನೀವು ಬಿದ್ರೆ ಡಾರ್ಲಾಗೆ ಉತ್ತರ ಹೇಳಬೇಕಾದವಳು ನಾನೇ ಅಲ್ವಾ?"

ಹೊರಗಿನಿಂದ ಹಾಯ್ಟ್ ಕೂಗಿದರು: "ಆ ಹುಡುಗಿ ಇಷ್ಟು ಮಾತಾಡಿದ್ದು ನಾನು ಇವತ್ತೇ ಕೇಳಿದ್ದು. ಸೋತೆ ಅಂತ ಒಪ್ಕೋ ಆರಿನ್."

ಒಪ್ಪಿಕೊಂಡ ಮೇಲೆ ಆರಿನ್ ಒಂದು ಎಚ್ಚರಿಕೆಯನ್ನೂ ಬಿಡಲಿಲ್ಲ. ನನ್ನ ಬೂಟಿನ ಅಡಿ ತಿರುಗಿಸಿ ನೋಡಿದರು, ಒಂದು ಕಲ್ಲಿನ ಚೂರು ಕಿತ್ತರು. ಬೆಲ್ಟು ಬಿಚ್ಚಿಸಿದರು. ಅದರ ಕೊಕ್ಕೆ ರಬ್ಬರನ್ನು ಹರಿಯುತ್ತದಂತೆ. ನೆಲದ ಮೇಲೆ ನಿಂತೇ, ಕೈಗೆಟುಕುವ ಎತ್ತರದಲ್ಲಿ ಏಣಿಯನ್ನು ಟ್ರೇಲರ್ ಗೋಡೆಯ ಕಂಬಿಗೆ ಹಗ್ಗದಿಂದ ಬಿಗಿಸಿದರು. "ಕೈಯಲ್ಲಿ ಏನೂ ಹಿಡ್ಕೊಂಡು ಹತ್ತಬಾರದು. ಮೇಲೆ ಹೋದ ಮೇಲೆ ಅಂಟಿನ ಬಕೆಟ್ಟು, ಹಲಗೆ ಎರಡೂ ಹಗ್ಗದಲ್ಲಿ ಎಳ್ಕೋ. ನಿಲ್ಲಬೇಡ, ತೆವಳು. ಅಂಚಿಗೆ ಬೆನ್ನು ಮಾಡಿ ಹಿಂದೆ ಹಿಂದೆ ಹೋಗಬೇಡ. ದೂರದ ತುದಿಯಿಂದ ಶುರು ಮಾಡಿ ಏಣಿ ಕಡೆಗೆ ಬಾ, ಹಾಗಾದ್ರೆ ಹಚ್ಚಿದ ಹಸಿ ಅಂಟಿನ ಮೇಲೆ ನೀನೇ ಕೂರಲ್ಲ."

"ಇವನು ಒಂದ್ಸಲ ಕೂತಿದ್ದ," ಎಂದರು ಹಾಯ್ಟ್. "ಪ್ಯಾಂಟು ಇನ್ನೂ ಮೇಲೇ ಇರಬೇಕು, ನೋಡಿ ಬಾ."

ಮೇಲೆ ಹೋದಾಗ ನೆಲ ಇದ್ದಕ್ಕಿದ್ದಂತೆ ದೂರವಾಯಿತು. ಪಾರ್ಕಿನ ಖಾಲಿ ಜಾಗಗಳು, ನೀರಿನ ನಲ್ಲಿಗಳು, ನಮ್ಮ ಪುಟ್ಟ ಟ್ರೇಲರ್, ಎಲ್ಲವೂ ಚಪ್ಪಟೆಯಾಗಿ ಕಂಡವು. ಬಿಳಿ ರಬ್ಬರಿನ ಪುಡಿ ಸುಣ್ಣದ ಹಾಗೆ ಅಂಗೈಗೆ ಹತ್ತಿತು. ಚಾವಣಿ ನನ್ನ ಭಾರಕ್ಕೆ ಉಸಿರಾಡಿದಂತೆ ಮೆಲ್ಲಗೆ ಅಲುಗಿತು. ನಾನು ಬೋರಲಾಗಿ ಮಲಗಿಬಿಟ್ಟೆ.

ಆಗ ಎದೆಯ ಕೆಳಗೆ ಟಕ್ ಟಕ್. ಅಂಗೈಯನ್ನು ಆ ಸದ್ದಿನ ಮೇಲಿಟ್ಟೆ. ಗಟ್ಟಿ. ಹಲಗೆ ಸರಿಸಿದೆ, ಮೊಣಕಾಲು ಎಳೆದುಕೊಂಡೆ. ಮುಂದೆ ಮತ್ತೆ ಟಕ್ ಟಕ್. ಹೀಗೆ ಒಬ್ಬರು ಕೆಳಗಿನಿಂದ ದಾರಿ ಹೇಳುತ್ತಿದ್ದರೆ ಭಯ ಅಲ್ಲೇ ಇರುತ್ತದೆ, ಆದರೆ ಕೈಕಾಲು ಕೆಲಸ ಬಿಡುವುದಿಲ್ಲ.

ಗಾಳಿಕಿಂಡಿ ಕೈಗೆಟುಕುವಷ್ಟು ಹತ್ತಿರ ಬಂತು. ಅದರ ಮುಚ್ಚಳದ ಬುಡದಲ್ಲಿ ಹಳೆಯ ಅಂಟು ಒಣಗಿ ಸೀಳಿತ್ತು. ಹಲಗೆ ಮುಂದೆ ತಳ್ಳಲು ಹೊರಟೆ. ಟಕ್ ಟಕ್ ಟಕ್.

ಕೈ ಅಲ್ಲೇ ನಿಲ್ಲಿಸಿದೆ. ಎಡಗೈಯ ಎರಡು ಬೆರಳಿನಿಂದ ಮುಂದಿನ ಜಾಗ ಒತ್ತಿದೆ. ನೆನೆದ ಬ್ರೆಡ್ಡಿನ ಹಾಗೆ ಕುಸಿಯಿತು.

ಕಾನೂನಿನಂತೆ ಇಳಿದೆ. ಆರಿನ್ ಆಗಲೇ ಹೊರಗೆ ಬಂದು ಉದ್ದನೆಯ ಇನ್ನೊಂದು ಹಲಗೆ ಹುಡುಕುತ್ತಿದ್ದರು. "ಎರಡು ಜಂತಿ ದಾಟಿ ಹಾಕು. ಬಚ್ಚಲ ಕಡೆ ಮೆತ್ತಗಿದೆ, ಅಡುಗೆಮನೆ ಕಡೆಯಿಂದ ಕೈ ಚಾಚು," ಎಂದರು. ಎರಡನೆಯ ಸಲ ಹಾಗೇ ಮಾಡಿದೆ. ಹಳೆಯ ಅಂಟು ಕೆರೆದು, ಒರೆಸಿ, ಬಿರುಕಿನ ಸುತ್ತ ಪಟ್ಟಿ ಅಂಟಿಸಿ, ಮೇಲೆ ಬಿಳಿ ಅಂಟು ಸುರಿದೆ. ಅದು ತಾನಾಗಿಯೇ ಹರಡಿಕೊಂಡು ಸಮವಾಯಿತು. ಬಿಸಿಲಿಗೆ ಬೆನ್ನು ಕಾಯುವ ಹೊತ್ತಿಗೆ ಏಣಿಯ ಹತ್ತಿರ ಬಂದಿದ್ದೆ.

ಒಳಗೆ ಹೋದಾಗ ಅವರು ಮಂಚದ ಮೇಲೆ ಕೂತಿದ್ದರು. ಪೊರಕೆ ಇನ್ನೂ ಕೈಯಲ್ಲೇ. ಅಂಗಿಯ ಬೆನ್ನೆಲ್ಲ ಒದ್ದೆ. ಏಣಿ ಕಟ್ಟುವಾಗ ಹಾಡುತ್ತಿದ್ದ ರೇಡಿಯೋ ಆರಿತ್ತು.

"ನಾನು ಮೇಲೆ ಹತ್ತಿದ ಕೂಡಲೇ ಅವಳು ರೇಡಿಯೋ ಆರಿಸ್ತಿದ್ಲು," ಎಂದರು. "ಹಾಕೇ, ಹಾಡು ಕೇಳ್ಕೊಂಡು ಕೆಲಸ ಮಾಡ್ತೀನಿ ಅಂತ ಮೇಲಿಂದ ಕೂಗ್ತಿದ್ದೆ. ಹಾಕ್ತಿರ್ಲಿಲ್ಲ. ಸಿಟ್ಟು ಮಾಡ್ಕೊಂಡಿದ್ದಾಳೆ ಅಂದ್ಕೊಂಡಿದ್ದೆ." ಕಾಲುಚೀಲ ಸುತ್ತಿದ ತುದಿಯನ್ನು ಬೆರಳಿನಿಂದ ಒತ್ತಿದರು. "ನೀನು ಒಂದು ಗಳಿಗೆ ಅಲುಗಾಡದೆ ಇದ್ರೆ ಸಾಕು, ಎಲ್ಲಿ ಕುಸೀತೋ ಅಂತ ಸದ್ದಿಗೇ ಕಿವಿ ಕೊಡ್ತಿದ್ದೆ. ಅವಳಿಗೆ ಪ್ರತಿ ಸಲ ಹೀಗಾಗಿರಬೇಕು. ಒಂದಿನಾನೂ ಹೇಳಲಿಲ್ಲ ನೋಡು."

ಹಾಯ್ಟ್ ಮೂರು ಲೋಟ ಕಾಫಿ ತಂದಿದ್ದರು. ಮೂವರೂ ಕುಡಿದೆವು.

ಭಾನುವಾರ ಡಾರ್ಲಾ ಫೋನು ಮಾಡಿದಾಗ ನಾನು ಅವರ ಒಗೆದ ಬಟ್ಟೆ ಕೊಡಲು ಹೋಗಿದ್ದೆ. ಸ್ಪೀಕರಿನಲ್ಲಿ ಅವಳ ಮಾತು ಕೇಳುತ್ತಿತ್ತು.

"ಚಾವಣಿ ಸರಿಯಾಯ್ತು ಅಂತೀಯಲ್ಲ ಅಪ್ಪಾ, ಅದು ತಾನೇ ಸರಿ ಮಾಡ್ಕೊಂಡ್ತಾ?"

"ಲೀಟಾ ಮಾಡಿದ್ಲು. ನಾನು ಹತ್ತಲಿಲ್ಲ."

"ಅವಳಿಗೆ ಕೊಡು ಫೋನು."

ಅವರು ಕೊಟ್ಟರು. ಕೊಡುವಾಗ ನನ್ನ ಮುಖ ನೋಡಿದರು. ಅವರು ಹತ್ತಲೇ ಇಲ್ಲ ಎಂದು ನಾನೂ ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಮೆತ್ತಗಿರುವ ಜಾಗವನ್ನು ಗಟ್ಟಿ ಎಂದು ತಟ್ಟಿ ಹೇಳುವುದು ನನಗೆ ಆಗಲಿಲ್ಲ.

"ಎರಡು ಮೆಟ್ಟಿಲು ಹತ್ತಿದ್ರು," ಎಂದೆ. "ಮೂರು ಸಲ ತಟ್ಟಿದೆ. ಇಳಿದ್ರು."

ಆರಿನ್ ಕಿಟಕಿಯ ಕಡೆ ತಿರುಗಿ ಕೂತರು.

"ತಟ್ಟಿದ್ದಕ್ಕೆ ಇಳಿದನಾ?" ಎಂದಳು ಡಾರ್ಲಾ.

"ಬೈದ್ಕೊಂಡು."

ಅವಳು ನಕ್ಕಳೋ ಮೂಗು ಒರೆಸಿಕೊಂಡಳೋ ಗೊತ್ತಾಗಲಿಲ್ಲ. "ನಾನು ಊರೆಲ್ಲ ಕೇಳೋ ಹಾಗೆ ಕೂಗಿದ್ರೂ ಇಳೀದವನು," ಎಂದಳು. "ಅಮ್ಮನ ಪೊರಕೆಗೆ ಮಾತ್ರ." ಮತ್ತೆ ಕೇಳಿದಳು: "ಏಣಿ ನಿಮ್ಮ ಮನೆಯಲ್ಲಿ ಇಟ್ಕೋತೀಯಾ?"

"ಇಟ್ಕೋತೀನಿ."

"ಹಾಗಾದ್ರೆ ಅಪ್ಪ ಅಲ್ಲೇ ಇರಲಿ. ಕ್ರಿಸ್‌ಮಸ್‌ಗೆ ಬಂದಾಗ ನೋಡ್ತೀನಿ."

ಫೋನು ಮೇಜಿನ ಮೇಲಿಟ್ಟೆ. ಆರಿನ್ ಎದ್ದು ಹೊರಗೆ ಹೋದರು. ಸಿಟ್ಟಾದರೆಂದುಕೊಂಡೆ. ನೋಡಿದರೆ ಏಣಿಯ ಒಂದು ತುದಿ ಎತ್ತಿಕೊಂಡು, ಇನ್ನೊಂದು ತುದಿ ನಾನು ಹಿಡಿಯಲಿ ಎಂದು ನಿಂತಿದ್ದರು.

"ಒಂದು ಸುಳ್ಳು ಹೇಳೋಕೆ ಬರಲ್ವಲ್ಲ ನಿಂಗೆ," ಎಂದರು.

ನಮ್ಮ ಟ್ರೇಲರ್‌ವರೆಗೆ ಇಬ್ಬರೂ ಹೊತ್ತುಕೊಂಡು ನಡೆದೆವು. ಅರ್ಧ ದಾರಿಯಲ್ಲಿ ಮೊದಲ ಹನಿಗಳು ದೂಳಿಗೆ ಬಿದ್ದವು. ಅವರು ಏಣಿಯನ್ನು ನನಗೆ ಬಿಟ್ಟು, ಮಂಚದ ಮೇಲೆ ಇನ್ನೂ ಸೋರುತ್ತದೆಯೋ ನೋಡಬೇಕೆಂದು, ತಮ್ಮ ಬಾಗಿಲ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದರು.