ಗಿಡ್ಡಿ ನಿಂತ ಜಾಗ

ಬೇವೂರಿಗೆ ಬಂದ ದಿನವೇ ಆ ಟ್ರ್ಯಾಕ್ಟರಿಗೆ ಗಿಡ್ಡಿ ಎಂಬ ಹೆಸರು ಬಿತ್ತು. ೧೯೭೩ರಲ್ಲಿ ಅಂದಪ್ಪ, ರಾಚಪ್ಪ ಎಂಬ ಅಣ್ಣತಮ್ಮಂದಿರು ಅದನ್ನು ಲಾರಿಯಿಂದ ಇಳಿಸಿಕೊಂಡಾಗ, ಎಮ್ಮೆಯ ಎತ್ತರಕ್ಕೂ ಬಾರದ ಯಂತ್ರವನ್ನು ಕಂಡ ಜನ ಇದಕ್ಕೆ ಕುಡಿಸುವುದು ಹಾಲೋ ಡೀಸೆಲೋ ಎಂದು ಕೇಳಿದ್ದರು. ಹತ್ತಿಯ ಸಾಲುಗಳ ನಡುವೆ ಒಂದು ಎಲೆಯನ್ನೂ ಮುರಿಯದೆ ಅದು ಸಾಗಿದ ಮೇಲೆ ಆ ನಗೆ ನಿಂತಿತು.

ಕೆಲವೇ ವರ್ಷಗಳಲ್ಲಿ ಕಂಪನಿ ಆ ಮಾದರಿಯನ್ನು ಕೈಬಿಟ್ಟಿತು. ಎಲ್ಲರಿಗೂ ದೊಡ್ಡದೇ ಬೇಕಾಗಿತ್ತು. ಗಿಡ್ಡಿಯ ಸೆಲ್ಫ್ ಸ್ಟಾರ್ಟರ್ ಕೆಟ್ಟಾಗ ಬಾಗಲಕೋಟೆಯಲ್ಲಾಗಲಿ ಹುನಗುಂದದಲ್ಲಾಗಲಿ ಬಿಡಿಭಾಗ ಸಿಗಲಿಲ್ಲ. ಅಂದಿನಿಂದ ಅದನ್ನು ಎಬ್ಬಿಸಲು ಇಬ್ಬರು ಬೇಕಾದರು. ರಾಚಪ್ಪ ಮುಂದೆ ನಿಂತು ಹ್ಯಾಂಡಲ್ ತಿರುವುತ್ತಿದ್ದ. ಅಂದಪ್ಪ ಸೀಟಿನ ಬಳಿ ಎಂಜಿನ್ನಿನೊಳಗಿನ ಗಾಳಿಯ ಒತ್ತಡ ಬಿಡುವ ಲಿವರನ್ನು ಎತ್ತಿ ಹಿಡಿದು, ಎಂಜಿನ್ ವೇಗ ಪಡೆದ ಗಳಿಗೆಯಲ್ಲಿ ಇಳಿಸುತ್ತಿದ್ದ. ತಮ್ಮನ ಉಸಿರು ಕೇಳಿಯೇ ಅಣ್ಣನ ಕೈ ಇಳಿಯುತ್ತಿತ್ತು.

ಮನೆ ಪಾಲಾದ ದಿನ ಅಂದಪ್ಪ ಎತ್ತುಗಳನ್ನು ಆರಿಸಿಕೊಂಡ; ಗಿಡ್ಡಿ ರಾಚಪ್ಪನ ಪಾಲಿಗೆ ಉಳಿಯಿತು. ಒಬ್ಬನಿಂದ ಏಳದ ಗಾಡಿ ಕಟ್ಟಿಕೊಂಡು ಏನು ಮಾಡುತ್ತೀ ಎಂದು ನಕ್ಕ. ರಾಚಪ್ಪನಿಗೆ ಅದು ನಾಟಿತು.

“ನನಗ ಯಾರ ಕೈಯೂ ಬ್ಯಾಡ,” ಎಂದ. “ನಿಂದಂತೂ ಬ್ಯಾಡೇ ಬ್ಯಾಡ.”

ಆ ಮಾತನ್ನು ಅವನು ವರ್ಷಗಟ್ಟಲೆ ಇಳಿಜಾರುಗಳ ಮೇಲೆ ಉಳಿಸಿಕೊಂಡ. ಶಿರೂರು, ಕುಳಗೇರಿ ಕ್ರಾಸ್, ಇಳಕಲ್ಲು, ಎಲ್ಲಿಗೆ ಬಾಡಿಗೆಗೆ ಹೋದರೂ ಮೊದಲು ದಿಬ್ಬ ಹುಡುಕುತ್ತಿದ್ದ. ಗಾಲಿಗೆ ಕಲ್ಲು ಕೊಟ್ಟು ಪಕ್ಕದಲ್ಲೇ ಮಲಗುತ್ತಿದ್ದ. ಬೆಳಗ್ಗೆ ಕಲ್ಲು ತೆಗೆದರೆ ಗಿಡ್ಡಿ ಉರುಳುತ್ತ ಗೇರಿಗೆ ಬಿದ್ದು ಎದ್ದುಬಿಡುತ್ತಿತ್ತು. ಊಟಕ್ಕೆ ಕರೆದವರ ಅಂಗಳ ಸಮತಟ್ಟಾಗಿದ್ದರೆ ಹಸಿವಿಲ್ಲವೆನ್ನುತ್ತಿದ್ದ.

೧೯೮೫ರ ಹಿಂಗಾರಿಯಲ್ಲಿ, ಬೇವೂರಲ್ಲೇ ಬೇರೊಬ್ಬರ ಹೊಲವನ್ನು ಬಾಡಿಗೆಗೆ ಬಿತ್ತುವಾಗ, ಅಣ್ಣನ ಹೊಲದ ಬದುವಿನ ಪಕ್ಕದಲ್ಲಿ ಗಿಡ್ಡಿ ಕೆಮ್ಮಿ ನಿಂತಿತು. ಡೀಸೆಲ್ ಕೊಳವೆಯ ಕಸ ತೆಗೆದ. ಆದರೆ ಸುತ್ತಲೂ ಅಂಗೈಯಂತೆ ಸಮತಟ್ಟಾದ ಎರೆಭೂಮಿ. ನೆಲದ ಹದ ಇನ್ನೆರಡು ದಿನವೂ ನಿಲ್ಲುವಂತಿರಲಿಲ್ಲ. ಲಿವರನ್ನು ದಾರದಿಂದ ಕಟ್ಟಿ, ಹ್ಯಾಂಡಲ್ ತಿರುವಿ, ಬಿಚ್ಚಲು ಓಡಿದ. ಪ್ರತಿ ಸಲವೂ ಅವನು ತಲುಪುವಷ್ಟರಲ್ಲಿ ಎಂಜಿನ್ ಸತ್ತಿರುತ್ತಿತ್ತು. ಬದುವಿನಾಚೆ ಅಂದಪ್ಪ ಎತ್ತು ನಿಲ್ಲಿಸಿ ನೋಡುತ್ತಿದ್ದ. ರಾಚಪ್ಪ ಅತ್ತ ತಿರುಗದೆ ಮತ್ತೆ ದಾರ ಕಟ್ಟಿದ.

ಕೊನೆಗೆ ಅಂದಪ್ಪನೇ ಬದು ದಾಟಿ ಬಂದ. ಮುಖ ನೋಡದೆ, ದಾರ ಬಿಚ್ಚಿ, ಲಿವರ್ ಹಿಡಿದ.

“ತಿರುವಲೇ,” ಎಂದ.

ರಾಚಪ್ಪನ ಉಸಿರು ಕಟ್ಟಿದ ಗಳಿಗೆಯಲ್ಲೇ ಅಣ್ಣನ ಕೈ ಇಳಿಯಿತು. ಗಿಡ್ಡಿ ಎದ್ದಿತು.

ಅಂದಪ್ಪ ಇನ್ನೂ ಏನೋ ಹೇಳಿದ. ಸದ್ದಿನಲ್ಲಿ ತುಟಿಗಳಷ್ಟೇ ಕಂಡವು. ಕೇಳಬೇಕಾದರೆ ಎಂಜಿನ್ ಆರಿಸಬೇಕು. ಆರಿಸಿದರೆ ಮತ್ತೆ ಆ ಕೈಯನ್ನೇ ಬೇಡಬೇಕು. ರಾಚಪ್ಪನ ಬೆರಳು ಆರಿಸುವ ಗುಂಡಿಯ ತನಕ ಹೋಗಿ ಹಿಂದೆ ಬಂತು. ಅಂದಪ್ಪ ತುಸು ಕಾದು, ಬದು ದಾಟಿ ಹೋದ.

ಸಂಜೆಗೆ ಬಾಡಿಗೆಯ ಬಿತ್ತನೆ ಮುಗಿಯಿತು. ಎತ್ತುಗಳು ಊರ ಹಾದಿ ಹಿಡಿದಿದ್ದವು. ಅಣ್ಣನ ಹೊಲ ಬಿತ್ತುವುದು ಇನ್ನೂ ಅರ್ಧ ಉಳಿದಿತ್ತು. ರಾಚಪ್ಪ ದಿಬ್ಬದತ್ತ ಹೊರಟವನು ನಡುದಾರಿಯಲ್ಲಿ ಹೊರಳಿ, ಬದುವಿನ ಪಕ್ಕದ ಅದೇ ಸಮನೆಲಕ್ಕೆ ಬಂದು ಎಂಜಿನ್ ಆರಿಸಿದ. ಗಾಲಿಗೆ ಕೊಡುವ ಕಲ್ಲನ್ನು ಕೆಳಗಿಟ್ಟು, ಅದರ ಮೇಲೆ ಕುಳಿತು, ರೊಟ್ಟಿಯ ಗಂಟು ಬಿಚ್ಚಿದ.

ಬೆಳಗ್ಗೆ ಅಣ್ಣ ಬರುವ ತನಕ ಗಿಡ್ಡಿ ಏಳುವಂತಿರಲಿಲ್ಲ.